ಕಾರ್ಡ್ ಕಳಚದೆ ಕಂಪ್ಯೂಟರಿಗೆ ಫೋಟೊ

ಧಾರೆ ಮುಗಿದು ಮೊದಲ ಪಂಕ್ತಿ ಊಟಕ್ಕೆ ಕೂರುವಷ್ಟರಲ್ಲಿ ಮಾಂಗಲ್ಯಧಾರಣೆಯ ಫೋಟೊ ಎಲ್‌ಇಡಿ ಪರದೆಯ ಮೇಲೆ ಬರಬೇಕು ಎನ್ನುವ ಗಿರಾಕಿಗಳು ಈಗ ಸಾಮಾನ್ಯ. ಛತ್ರದ ಬಾಗಿಲಲ್ಲಿ ಕ್ಯೂಆರ್ ಕೋಡ್ ಅಂಟಿಸಿಟ್ಟು, ಅದನ್ನು ಸ್ಕ್ಯಾನ್ ಮಾಡಿದ ನೆಂಟರಿಗೆ ಅವರವರ ಮುಖ ಇರುವ ಫೋಟೊಗಳನ್ನೇ ಹುಡುಕಿ ಕಳಿಸುವ ಸೇವೆಯನ್ನೂ ಸ್ಟುಡಿಯೊಗಳು ಶುರು ಮಾಡಿವೆ. ಶಾಲೆಯ ವಾರ್ಷಿಕೋತ್ಸವದವರಿಗೆ ವಂದನಾರ್ಪಣೆಗೆ ಮೊದಲೇ ಫೇಸ್‌ಬುಕ್ಕಿನಲ್ಲಿ ಫೋಟೊ ಕಾಣಬೇಕು. ಇದಕ್ಕೆಲ್ಲ ಬಹಳ ಮಂದಿ ಇವತ್ತಿಗೂ ಮಾಡುವ ಉಪಾಯ ಒಂದೇ. ಕಾರ್ಡ್ ಕಳಚಿ ಸಹಾಯಕ ಹುಡುಗನ ಕೈಗೆ ಕೊಡುವುದು. ಅವನು ಜನರ ನಡುವೆ ನುಗ್ಗಿ ಲ್ಯಾಪ್‌ಟಾಪಿನ ಹತ್ತಿರ ಹೋಗಿ ಕಾಪಿ ಮಾಡಿ ಹಿಂದಿರುಗುವಷ್ಟರಲ್ಲಿ ಸಪ್ತಪದಿ ಅರ್ಧ ಆಗಿರುತ್ತದೆ. ಉಗುರಿನಷ್ಟು ದೊಡ್ಡ ಆ ಕಾರ್ಡು ಕಿಸೆಯಿಂದ ಜಾರಿ ಬಿದ್ದರೆ ಏನು ಗತಿ ಎಂಬುದನ್ನು ಹೇಳಬೇಕಾಗಿಲ್ಲ.

ಕಳೆದ ಹತ್ತು ವರ್ಷಗಳಲ್ಲಿ ಮಾರಾಟವಾದ ಮಿರರ್‌ಲೆಸ್ ಮತ್ತು ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ವೈಫೈ ಇದೆ. ಹೆಚ್ಚಿನವರು ಅದನ್ನು ಮೊಬೈಲ್ ಆ್ಯಪಿಗೆ ಒಂದೆರಡು ಸಲ ಜೋಡಿಸಿ ನೋಡಿ, ಬೇಸತ್ತು ಬಿಟ್ಟಿರುತ್ತಾರೆ. ಮೊಬೈಲಿಗಿಂತ ಕಂಪ್ಯೂಟರಿಗೆ ನೇರವಾಗಿ ಕಳಿಸುವುದೇ ಹೆಚ್ಚು ಉಪಯೋಗದ ಕೆಲಸ. ಒಮ್ಮೆ ಸರಿಯಾಗಿ ಹೊಂದಿಸಿಟ್ಟರೆ ನೀವು ಶಟರ್ ಒತ್ತಿದ ಕೆಲವು ಸೆಕೆಂಡುಗಳಲ್ಲಿ ಫೋಟೊ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಕೂತಿರುತ್ತದೆ. ಹೊಂದಿಸುವುದು ರಾಕೆಟ್ ವಿಜ್ಞಾನವೇನಲ್ಲ, ಆದರೆ ಕ್ಯಾಮೆರಾ ಜೊತೆ ಬರುವ ಕೈಪಿಡಿಗಳು ಅದನ್ನು ಹಾಗೆ ಮಾಡಿಟ್ಟಿವೆ.

ಮೊದಲು ಲೆಕ್ಕ

ವೈಫೈ ಮೂಲಕ ಇಡೀ ಕಾರ್ಡನ್ನೇ ಖಾಲಿ ಮಾಡುತ್ತೇನೆ ಎಂದು ಹೊರಟವರು ಒಂದೇ ದಿನದಲ್ಲಿ ಇದರ ಸಹವಾಸ ಬಿಡುತ್ತಾರೆ. ಏಕೆಂದು ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 28 ಎಂಬಿ. ದೊಡ್ಡ ಗಾತ್ರದ ಜೆಪೆಗ್ ಸುಮಾರು 10 ಎಂಬಿ. ಸಣ್ಣ ಜೆಪೆಗ್ 2ರಿಂದ 3 ಎಂಬಿ. ಒಂದೇ ಆಂಟೆನಾ ಇರುವ ಕ್ಯಾಮೆರಾ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಕಾಗದದ ಮೇಲೆ 72 ಮೆಗಾಬಿಟ್ ವೇಗ ತೋರಿಸುತ್ತದೆ. ಎಂಟು ಬಿಟ್ ಸೇರಿ ಒಂದು ಬೈಟ್ ಆದ್ದರಿಂದ ಅದು ಸೆಕೆಂಡಿಗೆ 9 ಎಂಬಿ. ನಿಜದಲ್ಲಿ 3 ಎಂಬಿ ಸಿಕ್ಕರೆ ಒಳ್ಳೆಯ ದಿನ ಎಂದುಕೊಳ್ಳಿ.

ಸೆಕೆಂಡಿಗೆ 3 ಎಂಬಿಯಂತೆ ಸಾವಿರ ರಾ ಫೈಲು ಹೋಗಲು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತಿಗೆ ಬ್ಯಾಟರಿ ಪ್ರಾಣ ಬಿಟ್ಟಿರುತ್ತದೆ. ಅದೇ ಕಾರ್ಡನ್ನು ಸೆಕೆಂಡಿಗೆ 90 ಎಂಬಿ ಓದುವ ಸಾಧಾರಣ ಕಾರ್ಡ್ ರೀಡರಿಗೆ ಹಾಕಿದರೆ ಐದಾರು ನಿಮಿಷದ ಕೆಲಸ. ಆದರೆ 2 ಎಂಬಿಯ ಸಣ್ಣ ಜೆಪೆಗ್ ವೈಫೈನಲ್ಲಿ ಒಂದು ಸೆಕೆಂಡಿನೊಳಗೆ ತಲುಪುತ್ತದೆ. ಎಲ್‌ಇಡಿ ಪರದೆಗೆ, ವಾಟ್ಸ್‌ಆ್ಯಪಿಗೆ, ಸ್ಥಳದಲ್ಲೇ ತೆಗೆದುಕೊಡುವ 4×6 ಇಂಚಿನ ಪ್ರಿಂಟಿಗೆ ಅದು ಧಾರಾಳ ಸಾಕು. ಫುಲ್ ಎಚ್‌ಡಿ ಪರದೆಗೆ ಬೇಕಾಗಿರುವುದೇ ಎರಡು ಮೆಗಾಪಿಕ್ಸೆಲ್ ಚಿತ್ರ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಸಣ್ಣ ಜೆಪೆಗ್ ಕೂಡ ಸಾಮಾನ್ಯವಾಗಿ ಆರು ಮೆಗಾಪಿಕ್ಸೆಲ್ ಇರುತ್ತದೆ.

ಹಾಗಾಗಿ ನನ್ನ ಸಲಹೆ ನೇರವಾದದ್ದು. ಅವಸರದ ಕೆಲವು ಫೋಟೊಗಳಿಗೆ ವೈಫೈ, ಉಳಿದ ಎಲ್ಲಕ್ಕೂ ರಾತ್ರಿ ಕಾರ್ಡ್ ರೀಡರ್. ಸ್ಟುಡಿಯೊದಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ ಎಂದಾದರೆ ಉದ್ದನೆಯ ಯುಎಸ್‌ಬಿ ಕೇಬಲ್ ಎರಡಕ್ಕಿಂತ ವಾಸಿ. ಇದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ.

ಯಾವ ವೈಫೈ?

"ಇದಕ್ಕೆ ಎಷ್ಟು ಡೇಟಾ ಖರ್ಚಾಗುತ್ತದೆ?" ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಹೋಗುವಾಗ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಎರಡೂ ಒಂದೇ ವೈಫೈಗೆ ಸೇರಿದ್ದರೆ ಸಾಕು, ಇಂಟರ್ನೆಟ್ ಇರಲೇಬೇಕೆಂದಿಲ್ಲ. ಲ್ಯಾಪ್‌ಟಾಪಿನಿಂದ ಹೊರಗೆ ಕಳಿಸುವಾಗ ಮಾತ್ರ ಡೇಟಾ ಬೇಕು. ಮೈಸೂರಿನ ಜಂಬೂಸವಾರಿಯಂಥ ಜನಸಾಗರದಲ್ಲಿ ಮೊಬೈಲ್ ನೆಟ್‌ವರ್ಕ್ ಮಂಡಿಯೂರಿದರೂ ಕ್ಯಾಮೆರಾ ಮತ್ತು ಲ್ಯಾಪ್‌ಟಾಪಿನ ನಡುವಿನ ಈ ಕೊಂಡಿ ಅದನ್ನು ಅವಲಂಬಿಸಿರುವುದಿಲ್ಲ.

ಕ್ಯಾಮೆರಾ ತಾನೇ ಒಂದು ವೈಫೈ ಹುಟ್ಟಿಸಿ ಲ್ಯಾಪ್‌ಟಾಪನ್ನು ಕರೆಯುವ ವಿಧಾನವೂ ಇದೆ. ಹಾಗೆ ಮಾಡಿದರೆ ಲ್ಯಾಪ್‌ಟಾಪಿನ ವೈಫೈ ಕ್ಯಾಮೆರಾಕ್ಕೇ ಮೀಸಲಾಗಿ ಅದಕ್ಕೆ ಇಂಟರ್ನೆಟ್ ತಪ್ಪಿಹೋಗುತ್ತದೆ. ಎರಡು ಕ್ಯಾಮೆರಾ ಇದ್ದರೆ ಇನ್ನಷ್ಟು ಗೋಜಲು. ಕ್ಯಾಮೆರಾ, ಲ್ಯಾಪ್‌ಟಾಪ್ ಎರಡನ್ನೂ ಒಂದು ಮೂರನೆಯ ವೈಫೈಗೆ ಸೇರಿಸುವುದೇ ಮೇಲು. ಮನೆಯಲ್ಲಾದರೆ ಅದು ನಿಮ್ಮ ರೂಟರ್. ಹೊರಗಡೆ ಹೋದಾಗ ಮೂರು ದಾರಿ.

ಮೊಬೈಲಿನ ಹಾಟ್‌ಸ್ಪಾಟ್ ಎಲ್ಲರ ಕೈಯಲ್ಲೂ ಇರುವ ದಾರಿ. ಐಫೋನ್ 12 ಮತ್ತು ನಂತರದ ಮಾದರಿಯವರು ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬುದನ್ನು ಆನ್ ಮಾಡಬೇಕು, ಇಲ್ಲವಾದರೆ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಕ್ಯಾಮೆರಾಗೆ ಆ ಹಾಟ್‌ಸ್ಪಾಟ್ ಕಾಣುವುದೇ ಇಲ್ಲ. ಇನ್ನೊಂದು ಎಚ್ಚರಿಕೆ: ಇಂಟರ್ನೆಟ್ ಸಿಕ್ಕಿತೆಂದು ವಿಂಡೋಸ್ ಹಿಂದಿನಿಂದ ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡುತ್ತದೆ. ಆ ವೈಫೈಯ ಪ್ರಾಪರ್ಟೀಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿಬಿಟ್ಟರೆ ಡೇಟಾ ಉಳಿಯುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಲ್ಯಾಪ್‌ಟಾಪೇ ಹಾಟ್‌ಸ್ಪಾಟ್ ಆಗಬಲ್ಲದು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ 'ಮೊಬೈಲ್ ಹಾಟ್‌ಸ್ಪಾಟ್' ಎಂದಿರುತ್ತದೆ. ಇದರ ಲಾಭವೆಂದರೆ ಲ್ಯಾಪ್‌ಟಾಪಿನ ವಿಳಾಸ ಸಾಮಾನ್ಯವಾಗಿ 192.168.137.1 ಎಂದೇ ಇರುತ್ತದೆ, ಪ್ರತಿ ಸಲ ಹುಡುಕಬೇಕಾಗಿಲ್ಲ. ಹಂಚಲು ಯಾವುದಾದರೂ ಇಂಟರ್ನೆಟ್ ಇಲ್ಲದಿದ್ದರೆ ಅದು ಆನ್ ಆಗದೆ ಸತಾಯಿಸುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಕೊಟ್ಟರೆ ಒಪ್ಪುತ್ತದೆ. ಅದೇ ಪುಟದಲ್ಲಿ 'ಪವರ್ ಸೇವಿಂಗ್' ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಆಫ್ ಮಾಡಿ. ಇಲ್ಲವಾದರೆ ಕ್ಯಾಮೆರಾ ಸ್ವಲ್ಪ ಹೊತ್ತು ಮಲಗಿದ್ದೇ ತಡ, ಯಾರೂ ಇಲ್ಲವೆಂದು ಹಾಟ್‌ಸ್ಪಾಟ್ ತಾನೂ ಮಲಗಿಬಿಡುತ್ತದೆ.

ಮೂರನೆಯದು ಪವರ್ ಬ್ಯಾಂಕಿನಲ್ಲಿ ಓಡುವ ಅಂಗೈ ಅಗಲದ ಟ್ರಾವೆಲ್ ರೂಟರ್. ವಾರಕ್ಕೊಂದು ಕಾರ್ಯಕ್ರಮ ಮಾಡುವ ಫೋಟೊಗ್ರಾಫರಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಹೆಸರು, ಪಾಸ್‌ವರ್ಡ್, ವಿಳಾಸ ಎಲ್ಲ ಯಾವ ಊರಿಗೆ ಹೋದರೂ ಅವೇ. ಛತ್ರದವರ ವೈಫೈ ಮಾತ್ರ ಕೇಳಲೇಬೇಡಿ. ಅಂಥ ಕಡೆ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಹಾಕಿರುವುದುಂಟು. ಜೊತೆಗೆ ನೂರಾರು ನೆಂಟರು ಅದರಲ್ಲೇ ರೀಲ್ಸ್ ನೋಡುತ್ತಿರುತ್ತಾರೆ.

2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ಕ್ಯಾಮೆರಾ ನಿಮ್ಮದಾದರೆ ಜನಜಂಗುಳಿಯಲ್ಲಿ 5ನ್ನೇ ಆರಿಸಿ. 2.4ರಲ್ಲಿ ಬ್ಲೂಟೂತ್, ಮೈಕ್ರೊವೇವ್ ಒಲೆ, ಅಕ್ಕಪಕ್ಕದ ರೂಟರುಗಳು ಎಲ್ಲವೂ ಗದ್ದಲ ಮಾಡುತ್ತವೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಲ್ಲಿ ಇರುವುದೇ ಮೂರು, 1, 6 ಮತ್ತು 11. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಅಷ್ಟಕ್ಕಷ್ಟೆ. ಎರಡಕ್ಕೂ ಮನುಷ್ಯರ ಮೈ ಒಂದು ಅಡ್ಡಗೋಡೆ, ಮೈಯಲ್ಲಿರುವ ನೀರು ಆ ಅಲೆಗಳನ್ನು ಹೀರುತ್ತದೆ. ಲ್ಯಾಪ್‌ಟಾಪನ್ನೋ ರೂಟರನ್ನೋ ಕುರ್ಚಿಯ ಕೆಳಗಿಡದೆ, ವೇದಿಕೆಯ ಪಕ್ಕದಲ್ಲಿ ತಲೆಮಟ್ಟಕ್ಕಿಂತ ಮೇಲೆ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕಂಪನಿಯವರ ತಂತ್ರಾಂಶ

ಕ್ಯಾಮೆರಾ ತಯಾರಕರು ತಮ್ಮತಮ್ಮ ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತಾರೆ. ಕ್ಯಾನನ್‌ನದು ಇಒಎಸ್ ಯುಟಿಲಿಟಿ, ನಿಕಾನ್‌ನದು ವೈರ್‌ಲೆಸ್ ಟ್ರಾನ್ಸ್‌ಮಿಟರ್ ಯುಟಿಲಿಟಿ. ಸೋನಿಯ ಈಚಿನ ಕೆಲವು ಮಾದರಿಗಳಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್ ಇದೆ. ನಿಮ್ಮದು ಆರಂಭಿಕರ ಅಥವಾ ಮಧ್ಯಮ ಬೆಲೆಯ ಕ್ಯಾಮೆರಾ ಆಗಿದ್ದರೆ ಬಹುಶಃ ಇದೇ ನಿಮ್ಮ ದಾರಿ.

ಜೋಡಿಸುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಕ್ಯಾಮೆರಾದ ಮೆನುವಿನಲ್ಲಿ 'ಕನೆಕ್ಟ್ ಟು ಪಿಸಿ' ಅಥವಾ 'ಕನೆಕ್ಟ್ ಟು ಇಒಎಸ್ ಯುಟಿಲಿಟಿ' ಎಂಬುದನ್ನು ಆರಿಸಿ. ನಿಮ್ಮ ವೈಫೈ ಹುಡುಕಿ ಪಾಸ್‌ವರ್ಡ್ ಕೊಡಿ. ಕ್ಯಾಮೆರಾದ ನಾಲ್ಕು ದಿಕ್ಕಿನ ಗುಂಡಿಯಿಂದ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಹೊಡೆಯುವುದು ಎಂಥ ತಾಳ್ಮೆಯವರನ್ನೂ ಪರೀಕ್ಷಿಸುತ್ತದೆ, ರೂಟರಿನಲ್ಲಿ ಡಬ್ಲ್ಯುಪಿಎಸ್ ಗುಂಡಿ ಇದ್ದರೆ ಅದನ್ನು ಒತ್ತಿ ಈ ಶಿಕ್ಷೆ ತಪ್ಪಿಸಿಕೊಳ್ಳಬಹುದು. ನಂತರ ಎರಡೂ ಒಂದನ್ನೊಂದು ಗುರುತಿಸಬೇಕು. ನಿಕಾನ್‌ನಲ್ಲಿ ಕ್ಯಾಮೆರಾ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ, ಅದನ್ನು ಲ್ಯಾಪ್‌ಟಾಪಿನ ಕಿಟಕಿಯಲ್ಲಿ ಟೈಪಿಸಬೇಕು. ಕ್ಯಾನನ್‌ನಲ್ಲಿ ಲ್ಯಾಪ್‌ಟಾಪಿನ ಪೇರಿಂಗ್ ತಂತ್ರಾಂಶ ನಿಮ್ಮ ಕ್ಯಾಮೆರಾವನ್ನು ಪಟ್ಟಿಯಲ್ಲಿ ತೋರಿಸುತ್ತದೆ, ಅದರ ಮೇಲೆ ಕ್ಲಿಕ್ ಮಾಡಿ ಕ್ಯಾಮೆರಾದಲ್ಲಿ ಓಕೆ ಒತ್ತಬೇಕು. ಈ ಗುರುತು ಹಿಡಿಯುವ ಶಾಸ್ತ್ರ ಒಮ್ಮೆ ಮಾತ್ರ.

ನಿಕಾನ್‌ನವರು ಮಾಡಿರುವ ಒಂದು ಸಣ್ಣ ಸೌಲಭ್ಯ ನನಗೆ ಇಷ್ಟ. ಪ್ಲೇಬ್ಯಾಕ್‌ನಲ್ಲಿ ಫೋಟೊದ ಮೇಲೆ ಬಿಳಿ ಬಾಣ ಇದ್ದರೆ ಸರದಿಯಲ್ಲಿದೆ, ಹಸಿರಾದರೆ ಹೋಗುತ್ತಿದೆ, ನೀಲಿಯಾದರೆ ತಲುಪಿದೆ. ಲ್ಯಾಪ್‌ಟಾಪಿನ ಹತ್ತಿರ ಓಡಿಹೋಗಿ ನೋಡುವ ಅಗತ್ಯವೇ ಇಲ್ಲ.

ಈ ತಂತ್ರಾಂಶಗಳ ಕೊರತೆಯೆಂದರೆ ಒಂದು ಕಂಪನಿಯದು ಇನ್ನೊಂದರ ಜೊತೆ ಮಾತಾಡುವುದಿಲ್ಲ. ನಿಮ್ಮದು ಕ್ಯಾನನ್, ಜೊತೆಗೆ ಬಂದ ಗೆಳೆಯನದು ಸೋನಿ ಎಂದಾದರೆ ಎರಡು ತಂತ್ರಾಂಶ, ಎರಡು ಫೋಲ್ಡರ್, ಎರಡು ತಲೆನೋವು. ಹೀಗೆ ಒಂದೇ ಕಂಪನಿಯನ್ನು ನಂಬಿ ಕೆಟ್ಟ ಉದಾಹರಣೆಯೂ ಇದೆ. ಐ-ಫೈ ಎಂಬ ಮೆಮೊರಿ ಕಾರ್ಡ್ 2007ರಲ್ಲಿ ಬಂತು. ವೈಫೈ ಇಲ್ಲದ ಕ್ಯಾಮೆರಾಗೂ ಅದನ್ನು ಹಾಕಿದರೆ ಫೋಟೊ ತಾನಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ಕಾಲಕ್ಕೆ ಅದೊಂದು ಪವಾಡ. ಆದರೆ ಕಾರ್ಡನ್ನು ಹೊಂದಿಸಲು ಕಂಪನಿಯ ಸರ್ವರ್ ಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಹಳೆಯ ಕಾರ್ಡುಗಳಿಗೆ ಆ ಬೆಂಬಲ ನಿಂತಿತು. ಕೆಡದೆ ಇದ್ದ ಕಾರ್ಡುಗಳೂ ಆ ಮೇಲೆ ಹೆಚ್ಚಿನವರಿಗೆ ಬರೀ ಮೆಮೊರಿ ಕಾರ್ಡ್ ಆಗಿ ಉಳಿದವು.

1971ರ ದಾರಿ

ಕಂಪನಿಯ ಹಂಗಿಲ್ಲದ ದಾರಿಯ ಹೆಸರು ಎಫ್‌ಟಿಪಿ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಈ ಶಿಷ್ಟಾಚಾರದ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಬರೆದರು. ಕಾನ್ಪುರ ಐಐಟಿಯಿಂದ ಹೊರಬಂದ ಮೊದಲ ತಂಡದ ವಿದ್ಯಾರ್ಥಿ ಅವರು. ಆಗ ಇನ್ನೂ ಇಂಟರ್ನೆಟ್ ಎಂಬುದೇ ಇಂದಿನ ರೂಪಕ್ಕೆ ಬಂದಿರಲಿಲ್ಲ, ಡಿಜಿಟಲ್ ಕ್ಯಾಮೆರಾ ಹುಟ್ಟಿರಲಿಲ್ಲ. ಇಂದು ಕ್ರೀಡಾಂಗಣದ ಅಂಚಿನಲ್ಲಿ ಕೂತ ಪತ್ರಿಕಾ ಛಾಯಾಗ್ರಾಹಕರು ಸುದ್ದಿಮನೆಗೆ ಫೋಟೊ ಕಳಿಸುವುದು ಬಹುಪಾಲು ಇದರಲ್ಲೇ.

ನಿಮ್ಮ ಕ್ಯಾಮೆರಾದಲ್ಲಿ ಎಫ್‌ಟಿಪಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕ್ಯಾನನ್ ಇಒಎಸ್ ಆರ್5 ಮತ್ತು ಆರ್6, ನಿಕಾನ್ ಝಡ್8 ಮತ್ತು ಝಡ್9, ಸೋನಿ ಎ7 4ನೆಯ ಪೀಳಿಗೆಯಂಥ ಮಾದರಿಗಳಲ್ಲಿ ಅದು ಒಳಗೇ ಇದೆ. ಕ್ಯಾಮೆರಾ ಫೋಟೊ ಕಳಿಸುವವನಾದರೆ ಲ್ಯಾಪ್‌ಟಾಪ್ ಅದನ್ನು ಸ್ವೀಕರಿಸುವ ಸರ್ವರ್ ಆಗಬೇಕು. ಸರ್ವರ್ ಎಂದರೆ ಹೆದರಬೇಡಿ, ಫೈಲ್‌ಝಿಲ್ಲಾ ಸರ್ವರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರಾಯಿತು. ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಸಿಗುತ್ತದೆ. ಮ್ಯಾಕ್‌ನಲ್ಲಿ ಮೊದಲು ಎಫ್‌ಟಿಪಿ ಸರ್ವರ್ ಜೊತೆಗೇ ಬರುತ್ತಿತ್ತು, 2017ರ ಹೈ ಸಿಯೆರಾದಿಂದ ಆ್ಯಪಲ್ ತೆಗೆದುಹಾಕಿತು. ಹೆಸರಿನಲ್ಲಿ ಗೊಂದಲ ಬೇಡ, ಅದೇ ಸಂಸ್ಥೆಯ ಫೈಲ್‌ಝಿಲ್ಲಾ ಕ್ಲಯಂಟ್ ಬೇರೆ. ನಿಮಗೆ ಬೇಕಾದದ್ದು ಸರ್ವರ್.

ಲ್ಯಾಪ್‌ಟಾಪಿನಲ್ಲಿ ಮೊದಲು ಒಂದು ಖಾಲಿ ಫೋಲ್ಡರ್ ಮಾಡಿ. ಡಿ ಡ್ರೈವಿನಲ್ಲಿರಲಿ, ಹೆಸರು ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ. ಫೈಲ್‌ಝಿಲ್ಲಾ ಸರ್ವರ್ ತೆರೆದು 'ಯೂಸರ್ಸ್' ಭಾಗಕ್ಕೆ ಹೋಗಿ ಒಬ್ಬ ಹೊಸ ಬಳಕೆದಾರನನ್ನು ಸೇರಿಸಿ, ಪಾಸ್‌ವರ್ಡ್ ಕೊಡಿ. ಹೆಸರು, ಪಾಸ್‌ವರ್ಡ್ ಎರಡನ್ನೂ ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇಡಿ, ಕ್ಯಾಮೆರಾದಲ್ಲಿ ಮತ್ತೆ ಹೊಡೆಯಬೇಕಾದವರು ನೀವೇ. ಅಲ್ಲೇ 'ಮೌಂಟ್ ಪಾಯಿಂಟ್' ಎಂಬ ಕೋಷ್ಟಕವಿದೆ. 'ವರ್ಚುವಲ್ ಪಾತ್' ಎಂಬ ಕಡೆ ಬರೀ ಒಂದು ಓರೆಗೆರೆ, 'ನೇಟಿವ್ ಪಾತ್' ಎಂಬ ಕಡೆ ನೀವು ಮಾಡಿದ ಫೋಲ್ಡರಿನ ಪೂರ್ತಿ ದಾರಿ. ಅನುಮತಿ ಓದು ಮತ್ತು ಬರೆ ಎರಡೂ ಇರಲಿ. ಬರೀ ಓದುವ ಅನುಮತಿ ಕೊಟ್ಟರೆ ಕ್ಯಾಮೆರಾ ಬಾಗಿಲವರೆಗೆ ಬಂದು ಒಳಗೆ ಏನನ್ನೂ ಇಡಲಾರದೆ ದೋಷ ತೋರಿಸುತ್ತದೆ.

ಸರ್ವರ್ ಯಾವ ಬಾಗಿಲಲ್ಲಿ ಕಿವಿಗೊಟ್ಟು ಕೂರಬೇಕು ಎಂಬುದಕ್ಕೆ ಪೋರ್ಟ್ ಸಂಖ್ಯೆ 21. ಅದನ್ನು ಬದಲಿಸಬೇಡಿ. ಅದರ ಪಕ್ಕದಲ್ಲಿ ಟಿಎಲ್‌ಎಸ್ ಎಂಬ ಸುರಕ್ಷಿತ ಬಗೆ ಮಾತ್ರವೇ, ಸಾದಾ ಎಫ್‌ಟಿಪಿಯೂ ಇರಲೇ ಎಂಬ ಆಯ್ಕೆ ಇರುತ್ತದೆ. ಮೊದಲ ಸಲ ಎರಡಕ್ಕೂ ಅವಕಾಶ ಕೊಡಿ, ಎಲ್ಲ ಸರಿಯಾಗಿ ಓಡಿದ ಮೇಲೆ ಸುರಕ್ಷಿತ ಬಗೆಗೆ ಹೋಗಬಹುದು. 'ಪ್ಯಾಸಿವ್ ಮೋಡ್' ಎಂಬಲ್ಲಿ 50000ದಿಂದ 50100ರವರೆಗಿನ ಪೋರ್ಟುಗಳನ್ನು ಬರೆದಿಡಿ.

ಇನ್ನು ಫೈರ್‌ವಾಲ್. ಇದೊಂದನ್ನು ಮರೆತೇ ಬಹಳ ಮಂದಿ ಸೋಲೊಪ್ಪಿಕೊಳ್ಳುವುದು. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಅಲೌ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್' ಎಂಬ ಪುಟ ತೆರೆದು ಫೈಲ್‌ಝಿಲ್ಲಾ ಸರ್ವರನ್ನು ಪಟ್ಟಿಗೆ ಸೇರಿಸಿ ಪ್ರೈವೇಟ್ ಎಂಬುದಕ್ಕೆ ಟಿಕ್ ಹಾಕಿ. ನಿಮ್ಮ ವೈಫೈಯನ್ನು ವಿಂಡೋಸ್ 'ಪಬ್ಲಿಕ್' ಎಂದು ಗುರುತಿಸಿಕೊಂಡಿದ್ದರೆ ಅದನ್ನು 'ಪ್ರೈವೇಟ್' ಎಂದು ಬದಲಿಸಿ. ಲ್ಯಾಪ್‌ಟಾಪಿನದೇ ಹಾಟ್‌ಸ್ಪಾಟ್ ಬಳಸುವಾಗ ಪಬ್ಲಿಕ್‌ಗೂ ಟಿಕ್ ಬೇಕಾಗಬಹುದು. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಬೀಗ ಗಟ್ಟಿಯಾಗಿದೆಯೆಂದು ಬಾಗಿಲನ್ನೇ ಕಿತ್ತುಹಾಕಿದಂತೆ.

ಲ್ಯಾಪ್‌ಟಾಪಿನ ಐಪಿ ವಿಳಾಸ ಬರೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ವೈಫೈಯ ಪ್ರಾಪರ್ಟೀಸ್ ತೆರೆದರೆ ಐಪಿವಿ4 ವಿಳಾಸ ಎಂದು 192.168.1.5 ತರಹದ ನಾಲ್ಕು ಸಂಖ್ಯೆಗಳು ಕಾಣುತ್ತವೆ. ಮನೆಯ ರೂಟರಾದರೆ ಅದರ ಪುಟದಲ್ಲಿ ಈ ಲ್ಯಾಪ್‌ಟಾಪಿಗೆ ಈ ವಿಳಾಸ ಮೀಸಲು ಎಂದು ಬರೆದಿಡಬಹುದು. ಹಾಗೆ ಮಾಡದಿದ್ದರೆ ನಾಳೆ ಅದು 192.168.1.8 ಆಗಿ, ಕ್ಯಾಮೆರಾ ಹಳೆಯ ಮನೆಯ ಬಾಗಿಲು ಬಡಿಯುತ್ತ ನಿಂತಿರುತ್ತದೆ.

ಕ್ಯಾಮೆರಾಗೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ. ಅದೇ ವೈಫೈಯಲ್ಲಿರುವ ಮೊಬೈಲಿನಲ್ಲಿ ಯಾವುದಾದರೂ ಎಫ್‌ಟಿಪಿ ಕ್ಲಯಂಟ್ ಆ್ಯಪ್ ಹಾಕಿ, ಅದೇ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟು ಒಂದು ಫೋಟೊ ಕಳಿಸಿ ನೋಡಿ. ಹೋಯಿತೆಂದರೆ ಲ್ಯಾಪ್‌ಟಾಪ್ ಕಡೆ ಎಲ್ಲ ಸರಿ ಇದೆ, ಮುಂದೆ ತೊಂದರೆಯಾದರೆ ಅದು ಕ್ಯಾಮೆರಾದ್ದು. ಈ ಪರೀಕ್ಷೆ ಎಷ್ಟೋ ಗಂಟೆಗಳ ಪರದಾಟ ಉಳಿಸುತ್ತದೆ.

ಕ್ಯಾಮೆರಾದಲ್ಲಿ ಮಾಡುವುದು ಇನ್ನು ಬರೀ ತುಂಬುವ ಕೆಲಸ. ನೆಟ್‌ವರ್ಕ್ ಮೆನುವಿನಲ್ಲಿ ಎಫ್‌ಟಿಪಿ ಆರಿಸಿ, ವೈಫೈಗೆ ಸೇರಿಸಿ, ಸರ್ವರ್ ವಿಳಾಸದ ಜಾಗದಲ್ಲಿ ಬರೆದುಕೊಂಡ ಅಂಕಿಗಳು, ಪೋರ್ಟ್ 21, ಪ್ಯಾಸಿವ್ ಮೋಡ್ ಆನ್, ಪ್ರಾಕ್ಸಿ ಬೇಡ, ಹೆಸರು ಮತ್ತು ಪಾಸ್‌ವರ್ಡ್. ಯಾವ ಫೋಲ್ಡರಿಗೆ ಎಂದು ಕೇಳಿದರೆ ರೂಟ್ ಫೋಲ್ಡರ್ ಎಂದುಬಿಡಿ. ಇಷ್ಟನ್ನೂ ಒಂದು ಹೆಸರು ಕೊಟ್ಟು ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ. ಮನೆಗೊಂದು, ಟ್ರಾವೆಲ್ ರೂಟರಿಗೊಂದು ಎಂದು ಎರಡು ಮಾಡಿಟ್ಟುಕೊಂಡರೆ ಸ್ಥಳಕ್ಕೆ ಹೋದಾಗ ಆರಿಸುವುದಷ್ಟೇ.

ಸಿಗದಿದ್ದರೆ

ವೈಫೈಯೇ ಕಾಣುತ್ತಿಲ್ಲವೆಂದರೆ ಅದು ಬಹುಪಾಲು 5 ಗಿಗಾಹರ್ಟ್ಸ್‌ನಲ್ಲಿದೆ, ನಿಮ್ಮ ಕ್ಯಾಮೆರಾ 2.4ರದು. ಕಂಡರೂ ಪಾಸ್‌ವರ್ಡ್ ತಪ್ಪೆಂದು ಹಟ ಹಿಡಿದರೆ ರೂಟರಿನ ಭದ್ರತೆ ನೋಡಿ. ಡಬ್ಲ್ಯುಪಿಎ3 ಎಂದಿದ್ದರೆ ಹಳೆಯ ಕ್ಯಾಮೆರಾಗೆ ಅದು ಅರ್ಥವಾಗುವುದಿಲ್ಲ, ಡಬ್ಲ್ಯುಪಿಎ2ಗೆ ಇಳಿಸಿ. ವೈಫೈ ಸೇರಿ ಸರ್ವರ್ ಸಿಗಲಿಲ್ಲವೆಂದರೆ ಐಪಿ ವಿಳಾಸ ಬದಲಾಗಿದೆ, ಇಲ್ಲವೇ ಫೈರ್‌ವಾಲ್, ಇಲ್ಲವೇ ನೀವು ರೂಟರಿನ ಗೆಸ್ಟ್ ನೆಟ್‌ವರ್ಕಿನಲ್ಲಿದ್ದೀರಿ. ಸರ್ವರ್ ಸಿಕ್ಕಿ, ಹೆಸರು ಒಪ್ಪಿ, ಫೋಟೊ ಹೊರಡುವ ಹೊತ್ತಿಗೆ ನಿಂತರೆ ಅದು ಪ್ಯಾಸಿವ್ ಮೋಡಿನ ಪೋರ್ಟುಗಳ ಕಿತಾಪತಿ. ಚೆನ್ನಾಗಿ ಓಡುತ್ತಿದ್ದದ್ದು ಐದು ನಿಮಿಷಕ್ಕೊಮ್ಮೆ ಕಡಿದುಹೋಗುತ್ತಿದ್ದರೆ ಕ್ಯಾಮೆರಾದ ಆಟೋ ಪವರ್ ಆಫ್ ಅವಧಿ ಹೆಚ್ಚಿಸಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಒಂದು ಹೆಚ್ಚುವರಿ ಬ್ಯಾಟರಿ ಇಟ್ಟುಕೊಳ್ಳದೆ ವಿಧಿಯಿಲ್ಲ.

ಎಫ್‌ಟಿಪಿಯೂ ಇಲ್ಲ, ಕಂಪನಿಯ ಕಂಪ್ಯೂಟರ್ ತಂತ್ರಾಂಶವೂ ವೈಫೈಗೆ ಒಲಿಯುವುದಿಲ್ಲ ಎನ್ನುವ ಕ್ಯಾಮೆರಾಗಳೂ ಇವೆ. ಅವಕ್ಕೆ ಮೊಬೈಲೇ ಸೇತುವೆ. ಕ್ಯಾಮೆರಾ ಆ್ಯಪಿನಿಂದ ಮೊಬೈಲಿಗೆ, ಅಲ್ಲಿಂದ ಕ್ವಿಕ್ ಶೇರ್‌ನಲ್ಲಿ ಲ್ಯಾಪ್‌ಟಾಪಿಗೆ. ಹತ್ತು ಹದಿನೈದು ಫೋಟೊಗಳಿಗೆ ತೊಂದರೆಯಿಲ್ಲ.

ಯಾವುದನ್ನು, ಯಾವ ಫೋಲ್ಡರಿಗೆ

ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ಮೊದಲನೆಯದಕ್ಕೆ ರಾ, ಎರಡನೆಯದಕ್ಕೆ ಸಣ್ಣ ಜೆಪೆಗ್ ಎಂದು ಹೊಂದಿಸಿ. ನಂತರ ವರ್ಗಾವಣೆಯ ಆಯ್ಕೆಗಳಲ್ಲಿ 'ಜೆಪೆಗ್ ಓನ್ಲಿ' ಆರಿಸಿ. ಒಂದೇ ಕಾರ್ಡ್ ಇದ್ದರೂ ರಾ ಮತ್ತು ಜೆಪೆಗ್ ಒಟ್ಟಿಗೆ ತೆಗೆದು ಜೆಪೆಗ್ ಮಾತ್ರ ಕಳಿಸಬಹುದು.

ತೆಗೆದದ್ದೆಲ್ಲ ತಾನಾಗಿ ಹೋಗಲಿ ಎಂದು ಆಟೋ ಇಡುವುದಕ್ಕಿಂತ ಆರಿಸಿ ಕಳಿಸುವುದು ಒಳ್ಳೆಯದು. ಕಣ್ಣು ಮುಚ್ಚಿದ ವಧು, ಬಾಯಿ ತೆರೆದು ಆಕಳಿಸುತ್ತಿರುವ ಮಾವ ನೂರು ಜನರ ಮುಂದೆ ಎಲ್‌ಇಡಿ ಪರದೆಯ ಮೇಲೆ ಹೋಗಿ ನಿಲ್ಲುವುದು ಯಾರಿಗೂ ಬೇಡ. ಕ್ಯಾನನ್‌ನ ಎಫ್‌ಟಿಪಿ ಇರುವ ಮಾದರಿಗಳಲ್ಲಿ ಪ್ಲೇಬ್ಯಾಕ್‌ನಲ್ಲಿ ಫೋಟೊ ನೋಡುತ್ತ ಸೆಟ್ ಗುಂಡಿ ಒತ್ತಿದರೆ ಅದೊಂದೇ ಹೋಗುವಂತೆ ಮಾಡಬಹುದು. ಮಾಂಗಲ್ಯಧಾರಣೆಯ ಇಪ್ಪತ್ತು ಕ್ಲಿಕ್‌ಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಒತ್ತಿ, ಮತ್ತೆ ಕ್ಯಾಮೆರಾ ಕಣ್ಣಿಗಿಟ್ಟುಕೊಂಡರಾಯಿತು.

ಇಬ್ಬರು ಫೋಟೊಗ್ರಾಫರ್ ಇದ್ದರೆ ಎಫ್‌ಟಿಪಿ ಸರ್ವರಿನಲ್ಲಿ ಇಬ್ಬರು ಬಳಕೆದಾರರನ್ನು ಮಾಡಿ ಬೇರೆಬೇರೆ ಫೋಲ್ಡರ್ ಕೊಡಿ. ಒಂದೇ ಕಂಪನಿಯ ಎರಡು ಕ್ಯಾಮೆರಾ ಒಂದೇ ತರಹದ ಹೆಸರಿಡುತ್ತವೆ. 4512ನೆಯ ಸಂಖ್ಯೆಯ ಫೋಟೊ ಎರಡರಲ್ಲೂ ಬಂದು, ಒಂದರ ಮೇಲೊಂದು ಕೂತು ಹಿಂದಿನದು ಅಳಿಸಿಹೋಗಬಹುದು. ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ ಎಂಬುದೂ ನೆನಪಿರಲಿ. ಹೆಸರಿನ ಮೊದಲ ಮೂರು ಅಕ್ಷರಗಳನ್ನು ಬದಲಿಸುವ ಸೌಲಭ್ಯ ಬಹಳ ಕ್ಯಾಮೆರಾಗಳಲ್ಲಿದೆ, ಅದನ್ನು ಬಳಸಿ. ಜೊತೆಗೆ ಕೆಲಸ ಶುರು ಮಾಡುವ ಮುನ್ನ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಇಟ್ಟುಕೊಂಡರೆ ಆಮೇಲೆ ಫೋಟೊಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು ಸಲೀಸು.

ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ 'ಆಟೋ ಇಂಪೋರ್ಟ್' ಎಂಬುದು ವರದಾನ. ನಿಮ್ಮ ಎಫ್‌ಟಿಪಿ ಫೋಲ್ಡರಿನ ಮೇಲೆ ಅದು ಕಣ್ಣಿಟ್ಟಿರುತ್ತದೆ. ಫೋಟೊ ಬಂದ ಕೂಡಲೇ ಎತ್ತಿಕೊಂಡು, ನೀವು ಮೊದಲೇ ಹೇಳಿಟ್ಟ ಬಣ್ಣ, ಬೆಳಕಿನ ಪ್ರಿಸೆಟ್ ಹಚ್ಚಿ ಬೇರೆ ಫೋಲ್ಡರಿಗೆ ಸಾಗಿಸುತ್ತದೆ. ಅದನ್ನು ಆನ್ ಮಾಡುವಾಗ ಫೋಲ್ಡರ್ ಪೂರ್ತಿ ಖಾಲಿ ಇರಬೇಕು, ಒಂದು ಫೈಲ್ ಇದ್ದರೂ ಒಪ್ಪುವುದಿಲ್ಲ.

ಸುರಕ್ಷತೆಯ ಮಾತು. ಸಾದಾ ಎಫ್‌ಟಿಪಿ ಹೆಸರು, ಪಾಸ್‌ವರ್ಡ್, ಫೋಟೊ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಕಳಿಸುತ್ತದೆ. ನಿಮ್ಮದೇ ಪಾಸ್‌ವರ್ಡ್ ಇರುವ ಪುಟ್ಟ ವೈಫೈಯೊಳಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ. ಹೋಟೆಲು, ವಿಮಾನ ನಿಲ್ದಾಣದ ತೆರೆದ ವೈಫೈಯಲ್ಲಿ ಮಾತ್ರ ಖಂಡಿತ ಬೇಡ. ಎಫ್‌ಟಿಪಿಗೆ ಇಟ್ಟ ಪಾಸ್‌ವರ್ಡನ್ನು ಬ್ಯಾಂಕಿಗೋ ಇಮೇಲಿಗೋ ಬಳಸಬೇಡಿ. ಕೆಲಸ ಮುಗಿದ ಮೇಲೆ ಸರ್ವರ್ ನಿಲ್ಲಿಸಿ.

ಕೊನೆಯದಾಗಿ, ನಿಕಾನ್‌ನಂಥ ಕೆಲವು ಕ್ಯಾಮೆರಾಗಳ ವರ್ಗಾವಣೆ ಮೆನುವಿನಲ್ಲಿ 'ಡಿಲೀಟ್ ಆಫ್ಟರ್ ಸೆಂಡ್' ಎಂಬ ಆಯ್ಕೆ ಇದೆ. ಕಳಿಸಿದ ಕೂಡಲೇ ಕಾರ್ಡಿನಿಂದ ಅಳಿಸುವ ಆ ಆಯ್ಕೆ ಯಾವಾಗಲೂ ಆಫ್ ಇರಲಿ. ವೈಫೈನಲ್ಲಿ ಹೋದದ್ದು ಅವಸರಕ್ಕೆ ಹೋದ ಪ್ರತಿ ಮಾತ್ರ, ಅಸಲು ಇರುವುದು ಕಾರ್ಡಿನಲ್ಲಿ. ರಾತ್ರಿ ಮನೆಗೆ ಬಂದು, ಕಾರ್ಡ್ ರೀಡರಿನಿಂದ ಎರಡು ಬೇರೆಬೇರೆ ಡಿಸ್ಕುಗಳಿಗೆ ಕಾಪಿ ಮಾಡಿ, ಎರಡು ಕಡೆಯೂ ಫೈಲುಗಳ ಸಂಖ್ಯೆ ಕಾರ್ಡಿನಲ್ಲಿರುವಷ್ಟೇ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಫಾರ್ಮ್ಯಾಟ್ ಗುಂಡಿ ಒತ್ತಿ.